ಪ್ಯಾರಿಸ್‌ನಲ್ಲಿ ಒಂದೆರಡು ದಿನ: ಯಾವ ಕಲಾ ಮ್ಯೂಸಿಯಂ ನೋಡುವುದು?

ಯೂರೋಪ್ ಪ್ರವಾಸಕ್ಕೆ ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಪ್ಯಾರಿಸ್‌ನಲ್ಲಿ ಇರುವುದು ಎರಡು ದಿನ. ಐಫೆಲ್ ಟವರ್ ಆಗಬೇಕು, ಸೇನ್ ನದಿಯಲ್ಲಿ ದೋಣಿ ಸುತ್ತಬೇಕು, ಒಂದಿಷ್ಟು ಶಾಪಿಂಗೂ ಇದೆ. ಮ್ಯೂಸಿಯಂಗೆ ಅಂತ ಉಳಿಯುವುದು ಅರ್ಧ ದಿನ, ಬಹಳ ಅಂದರೆ ಒಂದು ದಿನ. ಲೂವ್ರ್‌ಗೆ ಹೋಗೋಣವೇ, ಒರ್ಸೇ ನೋಡೋಣವೇ, ಚಿತ್ರಕಾರ ಮೋನೆ ಬರೆದ ನೈದಿಲೆ ಕೊಳ ಇರುವ ಒರಾಂಜರಿ ಸಾಕೇ, ಶಿಲ್ಪಿ ರೋದಾಂ ಮಾಡಿದ ಶಿಲ್ಪಗಳನ್ನು ಬಿಟ್ಟು ಬಂದರೆ ತಪ್ಪಾಗುತ್ತದೆಯೇ? ಎಲ್ಲವೂ ದೊಡ್ಡ ಹೆಸರುಗಳೇ. ಎಲ್ಲದಕ್ಕೂ ಟಿಕೆಟ್ ಇದೆ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಸಂಜೆ ಹೊತ್ತಿಗೆ ಯಾವುದೂ ನೆನಪಿರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚಿತ್ರಕಲೆ ಅಷ್ಟಾಗಿ ನೋಡಿ ಅಭ್ಯಾಸ ಇಲ್ಲದವರು ಒಂದೇ ಒಂದು ಮ್ಯೂಸಿಯಂ ನೋಡುವುದಾದರೆ ಒರ್ಸೇಗೆ ಹೋಗಲಿ. ಆದರೆ ನಿಮ್ಮ ಜೊತೆ ಯಾರಿದ್ದಾರೆ, ಯಾವ ವಾರ ಇದ್ದೀರಿ, ಕೈಯಲ್ಲಿ ಎಷ್ಟಿದೆ ಎನ್ನುವುದರ ಮೇಲೆ ಈ ಉತ್ತರ ಬದಲಾಗುತ್ತದೆ.

ಮೊದಲು ಇವನ್ನು ಲೆಕ್ಕ ಹಾಕಿ

ಎಲ್ಲಕ್ಕಿಂತ ಮೊದಲು ನಿಮ್ಮ ಕಾಲು. ಮ್ಯೂಸಿಯಂನಲ್ಲಿ ನಡೆಯುವುದಕ್ಕಿಂತ ನಿಲ್ಲುವುದು ಜಾಸ್ತಿ, ದಣಿವು ಬರುವುದೇ ಅದರಿಂದ. ಕಣ್ಣೂ ಅಷ್ಟೆ. ಎರಡು ಗಂಟೆ ಆದಮೇಲೆ ಹೆಚ್ಚಿನವರು ಚಿತ್ರ ನೋಡುವುದನ್ನು ಬಿಟ್ಟು ಪಕ್ಕದ ಚೀಟಿ ಓದತೊಡಗುತ್ತಾರೆ. ಆಮೇಲೆ ಅದನ್ನೂ ಬಿಟ್ಟು ಕೂರಲು ಬೆಂಚು ಹುಡುಕುತ್ತಾರೆ. ಹಾಗಾಗಿ ಆ ಎರಡು ಗಂಟೆಯನ್ನು ಎಲ್ಲಿ ಖರ್ಚು ಮಾಡಿದರೆ ಜಾಸ್ತಿ ಸಿಗುತ್ತದೆ ಎಂದು ಯೋಚಿಸಿ.

ಎರಡನೆಯದು ವಾರ. ಇದನ್ನು ಮರೆತು ಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಲ್ಲುವವರು ತುಂಬ ಜನ. ಲೂವ್ರ್ ಮತ್ತು ಒರಾಂಜರಿಗೆ ಮಂಗಳವಾರ ರಜೆ. ಒರ್ಸೇ, ರೋದಾಂ, ಪೆಟಿ ಪ್ಯಾಲೇ ಮೂರಕ್ಕೂ ಸೋಮವಾರ ರಜೆ. ನೀವು ಊರಲ್ಲಿ ಇರುವುದು ಸೋಮವಾರ ಮಾತ್ರ ಅಂದರೆ ಅರ್ಧ ತೀರ್ಮಾನ ಅಲ್ಲೇ ಆಗಿಹೋಯಿತು.

ಮೂರನೆಯದು ಜೊತೆಗಿರುವವರು. ಎಂಟು ವರ್ಷದ ಮಗುವಿಗೂ ಎಪ್ಪತ್ತು ದಾಟಿದ ಅಜ್ಜಿಗೂ ಒಂದೇ ಮ್ಯೂಸಿಯಂ ಹಿಡಿಸುವುದು ಕಷ್ಟ. ಹಿಡಿಸುವಂಥ ಜಾಗವೂ ಒಂದಿದೆ, ಅದನ್ನು ಮುಂದೆ ಹೇಳುತ್ತೇನೆ.

ದುಡ್ಡಿನ ವಿಷಯಕ್ಕೆ ಬಂದರೆ, 18 ವರ್ಷದೊಳಗಿನ ಮಕ್ಕಳಿಗೆ ಇಲ್ಲಿ ಹೇಳುವ ದೊಡ್ಡ ಮ್ಯೂಸಿಯಂಗಳಲ್ಲಿ ಪ್ರವೇಶ ಉಚಿತ, ಯಾವ ದೇಶದವರಾದರೂ ಸರಿ. ಯೂರೋಪಿನಲ್ಲೇ ಓದುತ್ತಿರುವ 26 ವರ್ಷದೊಳಗಿನವರಿಗೂ ಲೂವ್ರ್, ಒರ್ಸೇಯಂಥ ಸರ್ಕಾರಿ ಮ್ಯೂಸಿಯಂಗಳು ಉಚಿತ. ಆದರೆ ಅಲ್ಲಿ ವಾಸವಿರುವುದಕ್ಕೆ ದಾಖಲೆ ತೋರಿಸಬೇಕು. ಮಗ ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಎಂಎಸ್ ಮಾಡುತ್ತಿದ್ದು ನಿಮ್ಮ ಜೊತೆ ಬರುತ್ತಾನೆ ಅಂದರೆ ರೆಸಿಡೆನ್ಸ್ ಕಾರ್ಡ್ ಜೇಬಿನಲ್ಲಿರಲಿ.

ಲೂವ್ರ್: ಏನು ನೋಡಬೇಕು ಅಂತ ಗೊತ್ತಿದ್ದರೆ ಮಾತ್ರ

ಫ್ರಾನ್ಸಿನ ರಾಜರ ಅರಮನೆ 1793ರಲ್ಲಿ ಸಾರ್ವಜನಿಕರ ಮ್ಯೂಸಿಯಂ ಆಯಿತು. ಇವತ್ತು ಅಲ್ಲಿ ಸುಮಾರು 35,000 ಕಲಾಕೃತಿಗಳು ನೋಡಲು ಸಿಗುತ್ತವೆ. ಒಂದೊಂದಕ್ಕೆ ಬರೀ 10 ಸೆಕೆಂಡು ಕೊಟ್ಟರೂ, ಊಟ ನಿದ್ದೆ ಇಲ್ಲದೆ ನಾಲ್ಕು ದಿನ ಬೇಕು. ಹಾಗಾಗಿ ‘ಲೂವ್ರ್ ನೋಡಿ ಬಂದೆವು’ ಅನ್ನುವ ಮಾತಿಗೆ ಅರ್ಥ ಇಲ್ಲ. ಲೂವ್ರ್‌ನಲ್ಲಿ ಒಂದು ಮೂಲೆ ನೋಡಬಹುದು. ಆ ಮೂಲೆ ಯಾವುದು ಎಂದು ಮನೆಯಲ್ಲೇ ಕೂತು ಆರಿಸಿಕೊಂಡು ಹೋದವರಿಗೆ ಇದರಷ್ಟು ಕೊಡುವ ಜಾಗ ಇನ್ನೊಂದಿಲ್ಲ. ಸುಮ್ನೆ ಒಳಗೆ ಹೊಕ್ಕವರನ್ನು ಇದರಷ್ಟು ದಣಿಸುವ ಜಾಗವೂ ಇಲ್ಲ.

ಹೆಚ್ಚಿನವರು ಹೋಗುವುದು ಮೊನಾಲಿಸಾಗಾಗಿ. ಅದನ್ನು ತಪ್ಪು ಎನ್ನುವುದಿಲ್ಲ. ಆದರೆ ಏನು ಸಿಗುತ್ತದೆ ಎಂದು ತಿಳಿದುಕೊಂಡು ಹೋಗಿ. ಚಿತ್ರದ ಎತ್ತರ 77 ಸೆಂಟಿಮೀಟರ್, ಅಗಲ 53. ಅದು ದಪ್ಪ ಗಾಜಿನ ಹಿಂದೆ ಇದೆ, ಅದರ ಮುಂದೆ ಅಡ್ಡಗಟ್ಟೆ, ಅದರ ಈಚೆ ನೂರಾರು ಜನ ಎತ್ತಿ ಹಿಡಿದ ಫೋನುಗಳು. ಹತ್ತಿರ ಹೋದಮೇಲೆ ನಿಮಗೆ ಸಿಗುವುದು ಅರೆ ನಿಮಿಷ. ಅದೇ ಕೋಣೆಯಲ್ಲಿ ಅವಳಿಗೆ ಎದುರಾಗಿ ವೆರೊನೇಸೆ ಬರೆದ, ಬೈಬಲ್ ಕಥೆಯೊಂದರ ಚಿತ್ರ ‘ಕಾನಾದ ಮದುವೆ’ ಇದೆ. ಇಡೀ ಲೂವ್ರ್‌ನಲ್ಲಿ ಅತಿ ದೊಡ್ಡ ಚಿತ್ರ, ಹತ್ತು ಮೀಟರಿಗೆ ಚೂರು ಕಡಿಮೆ ಅಗಲ. ವೆನಿಸ್‌ನ ಒಂದು ಮಠದ ಊಟದ ಮನೆಗೆ ಬರೆದದ್ದನ್ನು 1797ರಲ್ಲಿ ನೆಪೋಲಿಯನ್‌ನ ಸೈನ್ಯ ಎತ್ತಿಕೊಂಡು ಬಂತು. ಮೊನಾಲಿಸಾಗೆ ಬೆನ್ನು ಹಾಕಿ ಇದರ ಮುಂದೆ ಹತ್ತು ನಿಮಿಷ ನಿಲ್ಲಿ. ಬಡಿಸುವವರು, ವಾದ್ಯ ನುಡಿಸುವವರು, ಮಾಂಸ ಕತ್ತರಿಸುವವರು, ನಾಯಿಗಳು ಎಲ್ಲ ಸೇರಿ ಆ ಮದುವೆಯ ಗಲಾಟೆ ಕಿವಿಗೇ ಕೇಳಿಸುವಂತಿದೆ. ಯಾರೂ ತಳ್ಳುವುದಿಲ್ಲ.

ಲೂವ್ರ್‌ಗೆ ದೆನೋಂ, ಸ್ಯುಲಿ, ರಿಶಲ್ಯೂ ಎಂದು ಮೂರು ಭಾಗಗಳಿವೆ. ಜನಜಂಗುಳಿ ಎಲ್ಲ ದೆನೋಂ ಕಡೆ. ಮೊನಾಲಿಸಾ, ಮೆಟ್ಟಿಲ ಮೇಲೆ ರೆಕ್ಕೆ ಬಿಚ್ಚಿ ನಿಂತ ವಿಜಯದೇವಿಯ ಶಿಲ್ಪ, ದೆಲಕ್ರುವಾ, ಜೆರಿಕೋ ಬರೆದ ಚಿತ್ರಗಳು ಎಲ್ಲ ಅಲ್ಲೇ. ನನಗೆ ಕೇಳಿದರೆ ರಿಶಲ್ಯೂ ಕಡೆ ಹೋಗಿ ಎನ್ನುತ್ತೇನೆ. ಮಕ್ಕಳಿದ್ದರಂತೂ ಅಲ್ಲೇ. ಈಗಿನ ಇರಾಕಿನ ಖೋರ್ಸಬಾದ್‌ನಲ್ಲಿದ್ದ ಅಸಿರಿಯನ್ ಅರಮನೆಯ ಬಾಗಿಲು ಕಾಯುತ್ತಿದ್ದ, ಮನುಷ್ಯನ ಮುಖದ ರೆಕ್ಕೆಯ ಗೂಳಿಗಳು ಅಲ್ಲಿವೆ, ನಾಲ್ಕು ಮೀಟರ್ ಎತ್ತರ. ಅವುಗಳ ಕಾಲು ಎಣಿಸಲು ಮಕ್ಕಳಿಗೆ ಹೇಳಿ. ಐದು ಸಿಗುತ್ತವೆ! ಎದುರಿನಿಂದ ನೋಡಿದರೆ ಎರಡು ಕಾಲಿನ ಮೇಲೆ ಅಲುಗಾಡದೆ ನಿಂತಿದೆ, ಪಕ್ಕದಿಂದ ನೋಡಿದರೆ ನಾಲ್ಕು ಕಾಲಲ್ಲಿ ನಡೆಯುತ್ತಿದೆ. ಎರಡು ಕಡೆಯಿಂದಲೂ ಸರಿ ಕಾಣಲೆಂದು ಶಿಲ್ಪಿ ಒಂದು ಕಾಲನ್ನು ಹೆಚ್ಚಿಗೆ ಕಡೆದಿದ್ದಾನೆ. ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನು ಕೆತ್ತಿದ ಕಪ್ಪು ಕಲ್ಲೂ ಅದೇ ಭಾಗದಲ್ಲಿದೆ.

ರಿಶಲ್ಯೂ ಮೇಲಿನ ಮಹಡಿಯಲ್ಲಿ ಡಚ್ ಚಿತ್ರಗಳು. ಅಲ್ಲಿ ವರ್ಮೀರ್ ಬರೆದ ‘ಲೇಸ್ ಹೆಣೆಯುವವಳು’ ಇದ್ದಾಳೆ. ಇಡೀ ಚಿತ್ರ 24 ಸೆಂಟಿಮೀಟರ್ ಎತ್ತರ, 21 ಅಗಲ, ಒಂದು ನೋಟ್‌ಬುಕ್ಕಿನಷ್ಟು. ಇದರ ಹತ್ತಿರಕ್ಕೆ ಹೋಗಿ ನಿಂತು ನೋಡಬಹುದು. ಅವಳ ಬೆರಳುಗಳ ನಡುವಿನ ಎರಡು ಎಳೆ ಕೂದಲಿನಷ್ಟು ಸಣ್ಣ, ಅಷ್ಟೇ ಸ್ಪಷ್ಟ. ಎಡಗಡೆ ಹೊಲಿಗೆಯ ದಿಂಬಿನಿಂದ ಜಾರಿ ಬಿದ್ದ ಕೆಂಪು ಬಿಳಿ ನೂಲು ಮಾತ್ರ ನೂಲಿನ ಹಾಗೇ ಇಲ್ಲ, ಚೆಲ್ಲಿದ ಬಣ್ಣದ ಹಾಗೆ ಇದೆ. ಅವಳ ಕಣ್ಣು ಕೆಲಸದ ಮೇಲೆ ನೆಟ್ಟಿರುವಾಗ ಉಳಿದದ್ದೆಲ್ಲ ಹೀಗೇ ಮಸುಕಾಗಿ ಕಾಣಬೇಕು, ಅಲ್ವಾ?

ಇನ್ನು ಲೂವ್ರ್‌ನ ಕಷ್ಟಗಳು. 2026ರ ಜನವರಿಯಿಂದ ಯೂರೋಪಿನ ಹೊರಗಿನವರಿಗೆ ಟಿಕೆಟ್ 32 ಯೂರೋ ಆಗಿದೆ, ಮುಂಚೆ 22 ಇತ್ತು. ಸಮಯ ಗೊತ್ತುಮಾಡಿ ಮೊದಲೇ ಬುಕ್ ಮಾಡಬೇಕು. ಸಿಬ್ಬಂದಿ ಸಾಲದೆ ಕೆಲವು ಕೋಣೆಗಳನ್ನು ವಾರದ ಕೆಲವು ದಿನ ಮುಚ್ಚುತ್ತಾರೆ. ಯಾವ ದಿನ ಯಾವುದು ಮುಚ್ಚಿರುತ್ತದೆ ಎಂಬ ಪಟ್ಟಿ ಅವರ ವೆಬ್‌ಸೈಟಿನಲ್ಲಿ ಇರುತ್ತದೆ. ನಿಮಗೆ ಬೇಕಾದ ಚಿತ್ರ ತೆರೆದ ಕೋಣೆಯಲ್ಲೇ ಇದೆಯೇ, ಬೇರೆ ಊರಿನ ಪ್ರದರ್ಶನಕ್ಕೇನಾದರೂ ಹೋಗಿದೆಯೇ ಎಂದು ನೋಡಿಕೊಂಡು ಬುಕ್ ಮಾಡಿ. ಬುಧವಾರ, ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತದೆ. ಸಾಧ್ಯವಾದರೆ ಆ ಸಂಜೆಗಳನ್ನೇ ಆರಿಸಿಕೊಳ್ಳಿ, ಗುಂಪು ಪ್ರವಾಸದ ಬಸ್ಸುಗಳು ಅಷ್ಟು ಹೊತ್ತಿಗೆ ಹೋಗಿರುತ್ತವೆ.

ಒರ್ಸೇ: ಮೊದಲ ಸಲ ಬರುವವರಿಗೆ

ಸೇನ್ ನದಿಯ ಆಚೆ ದಡದಲ್ಲಿರುವ ಇದು ಮೊದಲು ರೈಲ್ವೆ ಸ್ಟೇಷನ್. 1900ರ ವಿಶ್ವಮೇಳಕ್ಕೆಂದು ಕಟ್ಟಿದ್ದು. ಮುಂದೆ ರೈಲುಗಳು ಉದ್ದವಾದವು, ಪ್ಲಾಟ್‌ಫಾರಂ ಸಾಲಲಿಲ್ಲ. ಸ್ಟೇಷನ್ ಮೂಲೆಗುಂಪಾಗಿ ಕೆಡವುವ ಮಾತೂ ಬಂತು. ಕಡೆಗೆ 1986ರಲ್ಲಿ ಮ್ಯೂಸಿಯಂ ಆಯಿತು. ಆ ಹಳೆಯ ಸ್ಟೇಷನ್ನಿನ ಗಾಜಿನ ಛಾವಣಿ, ದೊಡ್ಡ ಗಡಿಯಾರ ಇವತ್ತಿಗೂ ಹಾಗೇ ಇವೆ. ಒಳಗೆ ಹೋದ ಕೂಡಲೇ ಇಡೀ ಕಟ್ಟಡ ಒಂದೇ ನೋಟಕ್ಕೆ ಕಾಣುತ್ತದೆ, ದಾರಿ ತಪ್ಪುವ ಭಯ ಇಲ್ಲ. ಲೂವ್ರ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಅದೇ.

ಇನ್ನೊಂದು ವ್ಯತ್ಯಾಸ ಚಿತ್ರಗಳದ್ದು. ಲೂವ್ರ್‌ನ ಬಹಳಷ್ಟು ಚಿತ್ರಗಳಿಗೆ ಬೈಬಲ್ ಕಥೆ, ಗ್ರೀಕ್ ಪುರಾಣ, ಫ್ರಾನ್ಸಿನ ಇತಿಹಾಸ ಗೊತ್ತಿರಬೇಕು. ಒರ್ಸೇಯಲ್ಲಿರುವುದು 1848ರಿಂದ 1914ರವರೆಗಿನ ಕಲೆ. ಚಿತ್ರಕಾರರು ಹೊಲ, ರಸ್ತೆ, ಹೋಟೆಲು, ಸ್ಟೇಷನ್, ದುಡಿಯುವ ಜನ ಇವನ್ನೆಲ್ಲ ಬರೆಯಲು ಶುರುಮಾಡಿದ ಕಾಲ. ಪೀಠಿಕೆ ಬೇಡ, ನೋಡಿದರೆ ಸಾಕು.

ಮಿಲೆ 1857ರಲ್ಲಿ ಬರೆದ ಚಿತ್ರವನ್ನೇ ತೆಗೆದುಕೊಳ್ಳಿ. ಕೊಯ್ಲು ಮುಗಿದ ಹೊಲದಲ್ಲಿ ಮೂವರು ಹೆಂಗಸರು ಹಕ್ಕಲು ಆಯುತ್ತಿದ್ದಾರೆ. ಇಬ್ಬರು ನೆಲಕ್ಕೆ ಬಗ್ಗಿದ್ದಾರೆ. ಮೂರನೆಯವಳು ಅರ್ಧ ಬಗ್ಗಿ, ಸೊಂಟ ನೋಯುತ್ತಿರುವವಳ ಹಾಗೆ ಒಂದು ಕ್ಷಣ ತಡೆದಿದ್ದಾಳೆ. ದೂರದಲ್ಲಿ, ಬಿಸಿಲಿನಲ್ಲಿ, ಬೆಳೆಯ ದೊಡ್ಡ ದೊಡ್ಡ ಬಣವೆಗಳು. ಬಲಗಡೆ ತುದಿಯಲ್ಲಿ ಕುದುರೆ ಮೇಲೆ ಕೂತ ಮೇಲ್ವಿಚಾರಕ, ಬೆರಳಿನಷ್ಟು ಚಿಕ್ಕವನು. ಅಷ್ಟು ಸಮೃದ್ಧಿ ಹಿಂದೆ ಇದ್ದು ಇವರ ಕೈಯಲ್ಲಿ ಮಾತ್ರ ಒಂದು ಹಿಡಿ ತೆನೆ. ಹೊಲ ಗೊತ್ತಿರುವವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಜನ ಒರ್ಸೇಗೆ ಬರುವುದು ಮುಖ್ಯವಾಗಿ ಮೋನೆ, ರೆನ್ವಾ, ದೇಗಾ, ವ್ಯಾನ್ ಗೋ ಇವರಿಗಾಗಿ. ವ್ಯಾನ್ ಗೋ ಸಾಯುವುದಕ್ಕೆ ಕೆಲವೇ ವಾರ ಮುಂಚೆ, 1890ರ ಜೂನ್‌ನಲ್ಲಿ ಬರೆದ ಓವೆರ್ ಊರಿನ ಚರ್ಚ್ ಇಲ್ಲಿದೆ. ಫೋನಿನಲ್ಲಿ ಎಷ್ಟು ಸಲ ನೋಡಿದ್ದರೂ ಬಣ್ಣದ ದಪ್ಪ ಗೊತ್ತಾಗುವುದಿಲ್ಲ. ಎದುರು ನಿಂತಾಗ ಕುಂಚ ಎಳೆದ ಗೆರೆಗಳು ದಿಬ್ಬದ ಹಾಗೆ ಎದ್ದು ಕಾಣುತ್ತವೆ. ರೋನ್ ನದಿಯ ಮೇಲಿನ ನಕ್ಷತ್ರದ ರಾತ್ರಿಯೂ ಇಲ್ಲೇ. ಸುರುಳಿ ಸುತ್ತುವ ಆಕಾಶದ ಇನ್ನೊಂದು ನಕ್ಷತ್ರದ ರಾತ್ರಿ ಇರುವುದು ನ್ಯೂಯಾರ್ಕ್‌ನಲ್ಲಿ, ಅದನ್ನು ಇಲ್ಲಿ ಹುಡುಕಬೇಡಿ.

ಹೋದ ತಕ್ಷಣ ಸೀದಾ ಐದನೇ ಮಹಡಿಗೆ ಹತ್ತಿ. ಮೋನೆ, ರೆನ್ವಾ ಇರುವುದು ಅಲ್ಲಿ. ಕಣ್ಣು ಚುರುಕಾಗಿರುವಾಗಲೇ ಅವನ್ನು ನೋಡಿ, ಇಳಿಯುತ್ತ ಇಳಿಯುತ್ತ ಉಳಿದದ್ದು ನೋಡಬಹುದು. ಟಿಕೆಟ್ ಸುಮಾರು 16 ಯೂರೋ, ಅಂದರೆ ಲೂವ್ರ್‌ನ ಅರ್ಧ. ಗುರುವಾರ ರಾತ್ರಿ 9.45ರವರೆಗೆ ತೆರೆದಿರುತ್ತದೆ, ಆ ಸಂಜೆ ದರ ಇನ್ನೂ ಕಡಿಮೆ. ತಿಂಗಳ ಮೊದಲ ಭಾನುವಾರ ಉಚಿತ. ಆದರೆ ಉಚಿತ ದಿನದ ನೂಕುನುಗ್ಗಲು ನೋಡಿದರೆ, 16 ಯೂರೋ ಕೊಟ್ಟು ಬೇರೆ ದಿನ ಹೋಗುವುದೇ ವಾಸಿ ಅನ್ನಿಸುತ್ತದೆ. ದುಡ್ಡು ತೀರಾ ಬಿಗಿ ಇದ್ದರೆ ಮಾತ್ರ ಭಾನುವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.

ಒರಾಂಜರಿ ಮತ್ತು ರೋದಾಂ: ಸಮಯ ಕಡಿಮೆ ಇದ್ದರೆ, ವಯಸ್ಸಾದವರಿದ್ದರೆ

ಒರಾಂಜರಿ ಚಿಕ್ಕದು. ಒಂದರಿಂದ ಒಂದೂವರೆ ಗಂಟೆ ಸಾಕು, ಟಿಕೆಟ್ 12.50 ಯೂರೋ ಆಸುಪಾಸು. ಮೊಟ್ಟೆಯಾಕಾರದ ಎರಡು ಕೋಣೆಗಳು, ಗೋಡೆ ಸುತ್ತ ಮೋನೆ ಬರೆದ ನೈದಿಲೆ ಕೊಳದ ಎಂಟು ಚಿತ್ರಗಳು. ಎಲ್ಲದರ ಎತ್ತರ ಎರಡು ಮೀಟರ್, ಉದ್ದ ಕೂಡಿಸಿದರೆ 90 ಮೀಟರ್ ದಾಟುತ್ತದೆ. ಮೊದಲ ಮಹಾಯುದ್ಧ ಮುಗಿದ 1918ರಲ್ಲಿ ಮೋನೆ ಇವನ್ನು ದೇಶಕ್ಕೆ ಕೊಡುವುದಾಗಿ ಹೇಳಿದ. ಕಣ್ಣಿನ ಪೊರೆಯಿಂದ ಬಣ್ಣವೇ ಸರಿಯಾಗಿ ಕಾಣದಿದ್ದ ಕಾಲದಲ್ಲೂ ಬರೆಯುತ್ತಲೇ ಇದ್ದ. 1926ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಕೋಣೆಗಳು ಜನರಿಗೆ ತೆರೆದದ್ದು ಮರುವರ್ಷ.

ಹತ್ತಿರ ಹೋದರೆ ಬರೀ ಗೀಚು, ಏನೂ ಕಾಣುವುದಿಲ್ಲ. ಹಿಂದೆ ಹಿಂದೆ ಸರಿಯುತ್ತ ಬಂದಂತೆ ಅದು ನೀರಾಗುತ್ತದೆ. ನಡುವೆ ಬೆಂಚುಗಳಿವೆ, ಕೂತು ನೋಡಲೆಂದೇ ಮಾಡಿದ ಜಾಗ. ಬೆಳಕು ಛಾವಣಿಯಿಂದ ಬರುವ ಹಗಲು ಬೆಳಕು. ಹೊರಗೆ ಮೋಡ ಸರಿದರೆ ಒಳಗೆ ಕೊಳದ ಬಣ್ಣ ಬದಲಾಗುತ್ತದೆ. ಮಂಡಿ ನೋವಿನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ನಾನು ಯೋಚನೆ ಮಾಡದೆ ಇದನ್ನೇ ಹೇಳುವುದು. ಕೆಳಗಿನ ಮಹಡಿಯಲ್ಲಿ ಸೆಜಾನ್, ಮಾತೀಸ್, ಪಿಕಾಸೊ, ಮೊದಿಲ್ಯಾನಿ ಇದ್ದಾರೆ, ಬಿಡಬೇಡಿ. ಒಂದೇ ಕೊರತೆ, ನೈದಿಲೆ ಕೋಣೆಗಳು ತುಂಬಿಬಿಟ್ಟರೆ ಆ ನೆಮ್ಮದಿ ಹೋಗುತ್ತದೆ. ಬೆಳಿಗ್ಗೆ 9ಕ್ಕೆ ಮೊದಲ ಸರದಿ ಹಿಡಿಯಿರಿ.

ಮಗುವಿಗೂ ಅಜ್ಜಿಗೂ ಹಿಡಿಸುವ ಜಾಗ ಒಂದಿದೆ ಅಂದೆನಲ್ಲ, ಅದು ರೋದಾಂ ಮ್ಯೂಸಿಯಂ. ಹಳೆಯ ಬಂಗಲೆ, ಸುತ್ತ ದೊಡ್ಡ ತೋಟ, ತೋಟದ ತುಂಬ ಕಂಚಿನ ಶಿಲ್ಪಗಳು. ಅಜ್ಜಿ ಗುಲಾಬಿ ಗಿಡದ ಪಕ್ಕ ಕೂರಬಹುದು, ಮಗು ಓಡಾಡಬಹುದು. ‘ನರಕದ ಬಾಗಿಲು’ ಎಂಬ ಆರು ಮೀಟರ್ ಎತ್ತರದ ಶಿಲ್ಪದಲ್ಲಿ ನೂರೈವತ್ತಕ್ಕೂ ಹೆಚ್ಚು ಆಕೃತಿಗಳು ಹೊರಳಾಡುತ್ತಿವೆ. ಅದರ ಮೇಲ್ಭಾಗದ ನಡುವೆ ಗಲ್ಲಕ್ಕೆ ಕೈ ಕೊಟ್ಟು ಕೂತ ಪುಟ್ಟ ಮನುಷ್ಯನನ್ನು ಹುಡುಕಲು ಮಕ್ಕಳಿಗೆ ಹೇಳಿ. ಅವನೇ ದೊಡ್ಡವನಾಗಿ ಅದೇ ತೋಟದಲ್ಲಿ ಬೇರೆ ಕಡೆ ಕೂತಿದ್ದಾನೆ, ಜಗತ್ತೆಲ್ಲ ಬಲ್ಲ ‘ಚಿಂತಕ’. ಕ್ಯಾಲೇ ಊರಿನ ಆರು ಜನರ ಶಿಲ್ಪವನ್ನು ಒಂದು ಸುತ್ತು ಹಾಕಿ ನೋಡಿ. ಮುತ್ತಿಗೆ ಹಾಕಿದ ಇಂಗ್ಲೆಂಡಿನ ರಾಜನಿಂದ ಊರನ್ನು ಉಳಿಸಲು ಕೊರಳಿಗೆ ಹಗ್ಗ ಹಾಕಿಕೊಂಡು, ಊರಿನ ಬೀಗದ ಕೈ ಹಿಡಿದು ಹೊರಟವರು. ಒಬ್ಬೊಬ್ಬರ ಹೆದರಿಕೆಯೂ ಬೇರೆ ಬೇರೆ. ಟಿಕೆಟ್ ಸುಮಾರು 15 ಯೂರೋ. ಮಳೆ ಬಂದರೆ ಮಾತ್ರ ಅರ್ಧ ಮಜಾ ಹೋಯಿತು.

ದುಡ್ಡು ಕೊಡದೆ ನೋಡುವುದು, ಮತ್ತು ಉಳಿದವು

ಷಾಂಜೆಲಿಜೆ ಬೀದಿಗೆ ಹೋಗಿಯೇ ಹೋಗುತ್ತೀರಿ. ಅಲ್ಲೇ ಪಕ್ಕದಲ್ಲಿ ಪೆಟಿ ಪ್ಯಾಲೇ ಇದೆ. ಇದೂ 1900ರ ಮೇಳಕ್ಕೆ ಕಟ್ಟಿದ್ದು, ಕಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ. ಮೋನೆ, ಕೂರ್ಬೆ, ಸೆಜಾನ್ ಒಂದೊಂದಿಷ್ಟು ಸಿಗುತ್ತಾರೆ, ಒಳಗೆ ಚೆಂದದ ಅಂಗಳದ ತೋಟ ಇದೆ. ಪ್ಯಾರಿಸ್ ನಗರದ ಆಧುನಿಕ ಕಲಾ ಮ್ಯೂಸಿಯಂನ ಕಾಯಂ ಸಂಗ್ರಹವೂ ಉಚಿತ. ಅಲ್ಲಿ ಚಿತ್ರಕಾರ ದ್ಯೂಫಿ 1937ರಲ್ಲಿ ವಿದ್ಯುತ್ತಿನ ಕಥೆ ಬರೆದ ಗೋಡೆ 600 ಚದರ ಮೀಟರ್ ಇದೆ. ಎಂಜಿನಿಯರುಗಳು ಇದನ್ನು ನೋಡಬೇಕು. ವಿಜ್ಞಾನಿಗಳೆಲ್ಲ ಸಾಲಾಗಿ ನಿಂತಿದ್ದಾರೆ.

ಹಳೆಯ ಪ್ರವಾಸಿ ಪಟ್ಟಿಗಳಲ್ಲಿ ಆಧುನಿಕ ಕಲೆಯ ಪೊಂಪಿದು ಸೆಂಟರ್ ಹೆಸರಿರುತ್ತದೆ. ಅದು 2025ರಿಂದ ರಿಪೇರಿಗೆ ಮುಚ್ಚಿದೆ, ತೆರೆಯುವುದು 2030ಕ್ಕೆ. ಮೋನೆ, ರೆನ್ವಾ ಇವರ ಚಿತ್ರಶೈಲಿಗೆ ಇಂಪ್ರೆಷನಿಸಂ ಎಂಬ ಹೆಸರು ಬರಲು ಕಾರಣವಾದ ಮೋನೆಯ ಸೂರ್ಯೋದಯದ ಚಿತ್ರ ಒರ್ಸೇಯಲ್ಲಿ ಇಲ್ಲ, ಊರಿನ ಪಶ್ಚಿಮ ಅಂಚಿನ ಮಾರ್ಮೊತ್ತಾನ್ ಮ್ಯೂಸಿಯಂನಲ್ಲಿದೆ. ಮೋನೆ ಎಂದರೆ ಪ್ರಾಣ ಎನ್ನುವವರು ಮಾತ್ರ ಅಷ್ಟು ದೂರ ಹೋಗಿ.

ಹಲವು ಮ್ಯೂಸಿಯಂಗಳಿಗೆ ಒಂದೇ ಟಿಕೆಟ್ ಆಗುವ ಮ್ಯೂಸಿಯಂ ಪಾಸ್ ಕೊಳ್ಳಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಲೆಕ್ಕ ಸುಲಭ. ಲೂವ್ರ್, ಒರ್ಸೇ, ಒರಾಂಜರಿ, ರೋದಾಂ ನಾಲ್ಕೂ ಸೇರಿದರೆ ಒಬ್ಬರಿಗೆ 75 ಯೂರೋ ಚಿಲ್ಲರೆ. ಒರ್ಸೇ ಮತ್ತು ಒರಾಂಜರಿ ಎರಡೇ ಆದರೆ 30ರೊಳಗೆ. ನೀವು ನಿಜವಾಗಿ ನೋಡುವ ಜಾಗಗಳ ಮೊತ್ತ ಪಾಸಿನ ಬೆಲೆ ದಾಟದಿದ್ದರೆ ಪಾಸ್ ಬೇಡ. ದಾಟಿದರೂ ಒಮ್ಮೆ ಯೋಚಿಸಿ. ಪಾಸಿನ ಗಂಟೆಗಳು ಮೊದಲ ಬಾಗಿಲು ದಾಟಿದಾಗಿನಿಂದ ಓಡುತ್ತವೆ. ದುಡ್ಡು ವಸೂಲಾಗಲಿ ಎಂದು ನೀವೂ ಓಡುತ್ತೀರಿ. ಪಾಸ್ ಇದ್ದರೂ ಲೂವ್ರ್, ಒರಾಂಜರಿಗೆ ಸಮಯ ಬುಕ್ ಮಾಡುವುದು ತಪ್ಪುವುದಿಲ್ಲ. ಮಕ್ಕಳಿಗಂತೂ ಪಾಸ್ ಕೊಳ್ಳಲೇಬೇಡಿ, ಅವರಿಗೆ ಹೇಗೂ ಉಚಿತ.

ಹೀಗೆ ಜೋಡಿಸಬಹುದು

ಸೋಮವಾರ ಮಾತ್ರ ಸಿಕ್ಕರೆ ಬೆಳಿಗ್ಗೆ ಒರಾಂಜರಿ. ಶಕ್ತಿ ಉಳಿದಿದ್ದರೆ ಮಧ್ಯಾಹ್ನ ಲೂವ್ರ್‌ನ ರಿಶಲ್ಯೂ ಭಾಗ. ಮಂಗಳವಾರವಾದರೆ ಒರ್ಸೇ, ಅಲ್ಲಿಂದ ಕಾಲು ಗಂಟೆ ನಡೆದರೆ ರೋದಾಂ. ಆದರೆ ಲೂವ್ರ್ ಮುಚ್ಚಿದ ಮಂಗಳವಾರ ಜನವೆಲ್ಲ ಒರ್ಸೇಗೇ ಬರುತ್ತಾರೆ ಎನ್ನುವುದು ನೆನಪಿರಲಿ. ಬೇರೆ ದಿನ ಪೂರ್ತಿ ಇದ್ದರೆ ನನ್ನ ಆಯ್ಕೆ ಬೆಳಿಗ್ಗೆ ಒರಾಂಜರಿ, ಮಧ್ಯಾಹ್ನ ಒರ್ಸೇ. ನದಿಯ ಮೇಲಿನ ಕಾಲುಸೇತುವೆ ದಾಟಿದರೆ ಹತ್ತು ನಿಮಿಷದ ದಾರಿ. ಬಜೆಟ್ ಬಿಗಿ ಇರುವ ವಿದ್ಯಾರ್ಥಿಗಳು ಗುರುವಾರ ಹಗಲು ಪೆಟಿ ಪ್ಯಾಲೇ ನೋಡಿ, ಸಂಜೆ ಕಡಿಮೆ ದರದಲ್ಲಿ ಒರ್ಸೇಗೆ ಹೋಗಬಹುದು.

ಮನೆಯವರಲ್ಲೇ ಒಮ್ಮತ ಇಲ್ಲದಿದ್ದರೆ ಎಲ್ಲರನ್ನೂ ಒಂದೇ ಕಡೆ ಎಳೆದುಕೊಂಡು ಹೋಗಬೇಡಿ. ಲೂವ್ರ್ ನೋಡಲೇಬೇಕು ಎನ್ನುವವರು 9ಕ್ಕೆ ಲೂವ್ರ್‌ಗೆ ಹೋಗಲಿ, ಉಳಿದವರು ಅದೇ ಹೊತ್ತಿಗೆ ಒರಾಂಜರಿಗೆ. ಎರಡರ ನಡುವೆ ತ್ಯೂಲರಿ ತೋಟ ಇದೆ. ಒರಾಂಜರಿ ಕಡೆಯ ದೊಡ್ಡ ಕೊಳದ ಸುತ್ತ ಹಸಿರು ಕಬ್ಬಿಣದ ಕುರ್ಚಿಗಳು ಹಾಕಿರುತ್ತಾರೆ, ಕೂರಲು ದುಡ್ಡಿಲ್ಲ. ಹನ್ನೆರಡೂವರೆಗೆ ಅಲ್ಲಿ ಸೇರೋಣ ಎಂದು ಹೇಳಿ ಕಳಿಸಿ. ಟಿಕೆಟನ್ನು ಆಯಾ ಮ್ಯೂಸಿಯಂನ ವೆಬ್‌ಸೈಟಿನಲ್ಲೇ ಕೊಳ್ಳಿ, ಮತ್ತು ಕೊಳ್ಳುವ ದಿನದ ದರ ಇನ್ನೊಮ್ಮೆ ನೋಡಿಕೊಳ್ಳಿ.